ಬಟ್ಟಲಿಗೆ ತಕ್ಕ ಜೀವ

ಟೀಕಪ್ ನಾಯಿ ಎಂಬುದು ಮಾರಾಟಗಾರರು ಇಟ್ಟ ಹೆಸರು. ಆ ಹೆಸರಿನ ತಳಿ ಯಾವುದೂ ಇಲ್ಲ. ಚಿವಾವಾ, ಯಾರ್ಕ್‌ಷೈರ್ ಟೆರಿಯರ್, ಪೊಮೇರಿಯನ್, ಮಾಲ್ಟೀಸ್, ಟಾಯ್ ಪೂಡಲ್ ಇವೆಲ್ಲ ಮೊದಲೇ ಪುಟ್ಟ ತಳಿಗಳು. ಇವನ್ನು ಇನ್ನೂ ಕುಗ್ಗಿಸಿ, ಪೂರ್ತಿ ಬೆಳೆದ ಮೇಲೂ ಅಂಗೈ ಮೇಲೆ ಕೂರುವಂತೆ ಮಾಡಿದಾಗ ಆ ಹೆಸರು ಅಂಟಿಕೊಳ್ಳುತ್ತದೆ. ಅಮೆರಿಕನ್ ಕೆನಲ್ ಕ್ಲಬ್ಬಿನ ಅಳತೆಯ ಪ್ರಕಾರ ಚಿವಾವಾ 6 ಪೌಂಡ್, ಅಂದರೆ ಸುಮಾರು 2.7 ಕಿಲೋ ಮೀರಬಾರದು; ಯಾರ್ಕ್‌ಷೈರ್ ಟೆರಿಯರ್ 7 ಪೌಂಡ್ ಮೀರಬಾರದು. ಟೀಕಪ್ ಎಂದು ಕೊಂಡ ಮರಿ ಬೆಳೆದು ಹೆಚ್ಚುಕಡಿಮೆ ಇದರ ಅರ್ಧಕ್ಕೆ ನಿಲ್ಲಲಿ ಎಂಬುದು ಕೊಳ್ಳುವವರ ಆಸೆ. ಆ ಕ್ಲಬ್ಬು ಇಂಥದೊಂದು ವರ್ಗವನ್ನು ಮಾನ್ಯ ಮಾಡಿಲ್ಲ. ಆದರೂ ಮರಿ ಸಣ್ಣದಾದಷ್ಟೂ ಬೆಲೆ ಏರುತ್ತದೆ. ಇಲ್ಲಿ ಏಳುವ ಪ್ರಶ್ನೆ ಪಶುವೈದ್ಯರ ಮೇಜಿನ ಮೇಲೆ ಶುರುವಾಗಿ ಧರ್ಮಜಿಜ್ಞಾಸೆಗೆ ಬಂದು ಮುಟ್ಟುತ್ತದೆ: ನೋಡುವ ಕಣ್ಣಿನ ಸಂತೋಷಕ್ಕಾಗಿ ಇನ್ನೊಂದು ಜೀವದ ದೇಹ ಹೀಗೇ ಇರಲಿ ಎಂದು ಗೊತ್ತುಮಾಡಬಹುದೇ? ಆ ದೇಹ ನೋಯುವಂಥದಾದರೆ ಆ ನೋವು ಯಾರ ಲೆಕ್ಕಕ್ಕೆ ಸೇರಬೇಕು?

ಸಣ್ಣದಾಗಿರುವುದೇ ಒಂದು ರೋಗವಲ್ಲ ಎಂಬುದನ್ನು ಮೊದಲೇ ಹೇಳಬೇಕು. ನಾಯಿಗಳ ಗಾತ್ರವನ್ನು ನಿರ್ಧರಿಸುವುದರಲ್ಲಿ ಐಜಿಎಫ್-1 ಎಂಬ ಒಂದೇ ಜೀನಿನ ಪಾಲು ಬಹಳ ದೊಡ್ಡದು ಎಂದು 2007ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಸಣ್ಣ ಗಾತ್ರಕ್ಕೆ ಸಂಬಂಧಿಸಿದ ಆ ಜೀನಿನ ರೂಪಾಂತರ ಮನುಷ್ಯ ನಾಯಿ ಸಾಕುವುದಕ್ಕೆ ಬಹಳ ಮೊದಲೇ ಇತ್ತು. ಸೈಬೀರಿಯಾದಲ್ಲಿ ಸಿಕ್ಕ, ಸುಮಾರು 54,000 ವರ್ಷ ಹಳೆಯ ತೋಳವೊಂದರ ಅವಶೇಷದಲ್ಲೂ ಅದು ಇದೆಯೆಂದು 2022ರಲ್ಲಿ ಗೊತ್ತಾಯಿತು. ಸಾಮಾನ್ಯವಾಗಿ ಸಣ್ಣ ತಳಿಯ ನಾಯಿಗಳೇ ಗ್ರೇಟ್ ಡೇನ್‌ನಂಥ ಭಾರಿ ನಾಯಿಗಳಿಗಿಂತ ಹೆಚ್ಚು ವರ್ಷ ಬದುಕುತ್ತವೆ. ಆದ್ದರಿಂದ ಸಣ್ಣ ನಾಯಿಯನ್ನು ಸಾಕುವುದೇ ತಪ್ಪೆಂದು ಯಾರೂ ವಾದಿಸಬೇಕಿಲ್ಲ. ದೇಹದ ವ್ಯವಸ್ಥೆ ಎಲ್ಲಿಯವರೆಗೆ ಕುಗ್ಗಬಲ್ಲದೋ ಆ ಗಡಿಯನ್ನು ದಾಟಿ, ಅದು ಕುಗ್ಗಲಾರದ ಕಡೆಗೂ ಒತ್ತುವುದು ಇಲ್ಲಿನ ವಿಷಯ.

ಈ ಒತ್ತಡಕ್ಕೆ ಇತಿಹಾಸವೂ ಇದೆ. ಪೊಮೇರಿಯನ್ ಒಂದು ಕಾಲಕ್ಕೆ ಹತ್ತು ಕಿಲೋಗೂ ಹೆಚ್ಚು ತೂಗುವ ನಾಯಿ. 1888ರಲ್ಲಿ ವಿಕ್ಟೋರಿಯಾ ರಾಣಿ ಇಟಲಿಯ ಫ್ಲಾರೆನ್ಸಿನಿಂದ ಮಾರ್ಕೊ ಎಂಬ ಪೊಮೇರಿಯನ್ನನ್ನು ತಂದಳು. ಅದರ ತೂಕ ಸುಮಾರು 12 ಪೌಂಡ್. ರಾಣಿಯ ಮೆಚ್ಚುಗೆಯನ್ನು ಕಂಡು ಪ್ರದರ್ಶನಗಳಲ್ಲಿ ಪುಟ್ಟ ನಾಯಿಗಳಿಗೆ ಬೇಡಿಕೆ ಹೆಚ್ಚಿತು. ಇಂದಿನ ಅಮೆರಿಕನ್ ಅಳತೆಯಲ್ಲಿ ಆ ತಳಿ 3ರಿಂದ 7 ಪೌಂಡಿನದು. ಕರ್ನಾಟಕದ ಊರುಗಳಲ್ಲಿ ಎಂಬತ್ತು ತೊಂಬತ್ತರ ದಶಕದಲ್ಲಿ 'ಪಾಮೇರಿಯನ್' ಎಂದು ಮನೆಮನೆಯಲ್ಲಿ ಸಾಕಿದ ಬಿಳಿ ನಾಯಿ ಬಹುಪಾಲು ಇಂಡಿಯನ್ ಸ್ಪಿಟ್ಜ್. ಗೇಟಿನ ಹೊರಗೆ ಯಾರೇ ಸುಳಿದರೂ ಬೊಗಳುತ್ತಿದ್ದ, ಮೆಟ್ಟಿಲನ್ನು ನೆಗೆದು ಹತ್ತುತ್ತಿದ್ದ ಗಟ್ಟಿ ನಾಯಿ ಅದು. ಈಗ ಬೆಂಗಳೂರಿನಲ್ಲಿ ಅದೇ ಹೆಸರಿನಡಿ ಕೇಳುವ ಮರಿ ಬೇರೆಯೇ.

ಕುಗ್ಗಿಸುವ ಬಗೆ ಸರಳ. ಒಂದು ಸೂಲಿನ ಮರಿಗಳಲ್ಲಿ ಎಲ್ಲಕ್ಕಿಂತ ಬಡಕಲಾದದ್ದನ್ನು ಇನ್ನೊಂದು ಸೂಲಿನ ಬಡಕಲು ಮರಿಯೊಂದಿಗೆ ಕೂಡಿಸುವುದು. ಅವುಗಳ ಮರಿಗಳಲ್ಲೂ ಅತಿ ಸಣ್ಣದನ್ನೇ ಆರಿಸಿ ಮತ್ತೆ ಕೂಡಿಸುವುದು. ಅಂಥ ನಾಯಿಗಳು ಹೆಚ್ಚು ಸಿಗುವುದಿಲ್ಲವಾದ್ದರಿಂದ ಹತ್ತಿರದ ರಕ್ತಸಂಬಂಧದಲ್ಲೇ ಜೋಡಿ ಕಟ್ಟುತ್ತಾರೆ. ಬಡಕಲು ಮರಿ ಬಡಕಲಾಗಿರುವುದಕ್ಕೆ ಹಲವು ಸಲ ಕಾರಣವಿರುತ್ತದೆ: ಹೃದಯದ ದೋಷ, ಲಿವರಿನ ದೋಷ, ಗರ್ಭದಲ್ಲಿ ಸಾಕಷ್ಟು ಆಹಾರ ಸಿಗದಿರುವುದು. ಆ ಕಾರಣವೇ ಇಲ್ಲಿ ಆಯ್ಕೆಯ ಗುಣವಾಗಿಬಿಡುತ್ತದೆ. ಇನ್ನು ಕೆಲವರು ತೀರ ಎಳೆಯ, ಅರೆಹೊಟ್ಟೆಯ ಮರಿಗಳನ್ನೇ ಟೀಕಪ್ ಎಂದು ಹೇಳಿ ದಾಟಿಸುತ್ತಾರೆ.

ಆ ದೇಹವನ್ನು ಹತ್ತಿರದಿಂದ ನೋಡಿದರೆ ತೊಂದರೆ ಎಲ್ಲಿದೆ ಎಂದು ಕಾಣುತ್ತದೆ. ಬೆಳೆದ ನಾಯಿಗೆ 42 ಹಲ್ಲು. ಗ್ರೇಟ್ ಡೇನ್‌ಗೂ ಅಷ್ಟೇ, ಒಂದೂವರೆ ಕಿಲೋದ ಚಿವಾವಾಗೂ ಅಷ್ಟೇ. ದವಡೆ ಕುಗ್ಗಿದಷ್ಟು ಹಲ್ಲು ಕುಗ್ಗಲಿಲ್ಲ. ಹಲ್ಲುಗಳು ಒಂದರ ಮೇಲೊಂದು ಹತ್ತಿ, ಹಾಲುಹಲ್ಲು ಬೀಳದೆ ಅದರ ಪಕ್ಕದಲ್ಲೇ ಕೋರೆಹಲ್ಲು ಎದ್ದು, ಸಂದಿಯಲ್ಲಿ ಊಟ ಸಿಕ್ಕಿ ಒಸಡು ಕೊಳೆಯುತ್ತದೆ. ತಲೆಯ ಮೇಲೆ ಬೆರಳಿಟ್ಟರೆ ಎಷ್ಟೋ ನಾಯಿಗಳಲ್ಲಿ ನೆತ್ತಿ ಕೂಡಿರುವುದಿಲ್ಲ. ಕೂಸಿನ ನೆತ್ತಿಯಂತೆ ಅಲ್ಲಿ ಮೂಳೆಯಿಲ್ಲದ ಮೆತ್ತನೆಯ ಜಾಗ ಸಿಗುತ್ತದೆ. ಕೂಸಿನ ನೆತ್ತಿ ತಿಂಗಳು ಕಳೆದಂತೆ ಮುಚ್ಚಿಕೊಳ್ಳುತ್ತದೆ, ಇವುಗಳಲ್ಲಿ ಹಲವಕ್ಕೆ ಅದು ಬದುಕಿಡೀ ಮುಚ್ಚುವುದಿಲ್ಲ. ಕೆಲವಕ್ಕೆ ಮಿದುಳಿನ ಒಳಗೆ ದ್ರವ ತುಂಬಿ ಒತ್ತುವ ಹೈಡ್ರೊಕೆಫಲಸ್ ಬರುತ್ತದೆ. ಆಗ ಮರಿ ಒಂದೇ ಕಡೆಗೆ ಸುತ್ತು ಹಾಕುತ್ತದೆ, ಕಲಿಸಿದ್ದನ್ನು ಕಲಿಯದು, ಫಿಟ್ಸ್ ಬರುತ್ತದೆ. ಮುಂಗಾಲಿನ ಮೂಳೆ ಹೆಚ್ಚುಕಡಿಮೆ ಪೆನ್ಸಿಲ್ಲಿನಷ್ಟೇ ದಪ್ಪ. ಸೋಫಾದಿಂದ ಧುಮುಕಿದರೆ, ತೋಳಿನಿಂದ ಜಾರಿದರೆ ಮಣಿಕಟ್ಟಿನ ಮೇಲೆ ಅದು ಮುರಿಯುತ್ತದೆ. ಆ ಭಾಗದಲ್ಲಿ ಪುಟ್ಟ ತಳಿಗಳಿಗೆ ರಕ್ತನಾಳಗಳೂ ವಿರಳ. ಹಾಗಾಗಿ ಮುರಿದ ಮೂಳೆ ಕೂಡುವುದೂ ಕಷ್ಟ.

ಎಲ್ಲಕ್ಕಿಂತ ಬೇಗ ಪ್ರಾಣಕ್ಕೆ ಬರುವುದು ಹಸಿವು. ಸಣ್ಣ ದೇಹದ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು. ಮೈಬಿಸಿ ಸದಾ ಸೋರಿಹೋಗುತ್ತಿರುತ್ತದೆ. ದೊಡ್ಡ ನಾಯಿಗೆ ಹೋಲಿಸಿದರೆ ತಲೆ ದೇಹಕ್ಕೆ ದೊಡ್ಡದು, ಮಿದುಳಿಗೆ ಬೇಕಾದ ಸಕ್ಕರೆಯ ಪಾಲೂ ಹಾಗೆಯೇ. ಆ ಸಕ್ಕರೆಯನ್ನು ಕೂಡಿಡಬೇಕಾದ ಲಿವರ್ ಮಾತ್ರ ಪುಟ್ಟದು. ಮರಿ ಒಂದು ಹೊತ್ತು ತಿನ್ನದಿದ್ದರೆ, ಚಳಿಗೋ ಪ್ರಯಾಣದ ಗಾಬರಿಗೋ ಸಿಕ್ಕಿದರೆ, ರಕ್ತದ ಸಕ್ಕರೆ ಕುಸಿಯುತ್ತದೆ. ಮೊದಲು ತೂಕಡಿಕೆ, ಆಮೇಲೆ ಕುಡಿದವರಂತೆ ತಡವರಿಸುವ ನಡಿಗೆ, ನಡುಕ, ಫಿಟ್ಸ್. ರಾತ್ರಿ ಎರಡು ಗಂಟೆಗೆ ಎದ್ದು, ಸಡಿಲವಾಗಿ ಬಿದ್ದ ಮರಿಯ ತಣ್ಣಗಿನ ಒಸಡಿಗೆ ಬೆರಳಲ್ಲಿ ಜೇನು ಸವರುವ ಮನೆಯವರಿಗೆ ಅದರ ಮೇಲೆ ಪ್ರೀತಿ ಇಲ್ಲವೆಂದು ಹೇಳಲಾಗದು. ಎಷ್ಟೋ ಸಲ ಆ ಜೇನಿನಿಂದಲೇ ಅದು ಕಣ್ಣು ತೆರೆಯುತ್ತದೆ, ಒಮ್ಮೊಮ್ಮೆ ತೆರೆಯುವುದಿಲ್ಲ.

ಉಳಿದವನ್ನು ಬೇಗ ಹೇಳಬಹುದು. ಶ್ವಾಸನಾಳದ ಮೃದ್ವಸ್ಥಿಯ ಉಂಗುರಗಳು ಸಡಿಲವಾಗಿ ಕುಸಿದು, ಬಾತುಕೋಳಿ ಕೂಗಿದಂಥ ಒಣಕೆಮ್ಮು ಬರುತ್ತದೆ. ಮಂಡಿಚಿಪ್ಪು ಜಾರಿ, ನಾಯಿ ನಡುನಡುವೆ ಹಿಂಗಾಲು ಎತ್ತಿ ಕುಂಟುತ್ತದೆ. ಯಾರ್ಕ್‌ಷೈರ್ ಟೆರಿಯರ್‌ಗಳಲ್ಲಿ ರಕ್ತವು ಲಿವರನ್ನು ಹಾದುಹೋಗದೆ ಅಡ್ಡದಾರಿ ಹಿಡಿಯುವ ಹುಟ್ಟುದೋಷ ಹೆಚ್ಚು. ಅರಿವಳಿಕೆ ಕೊಡುವಾಗ ಮೈ ತಣ್ಣಗಾಗುತ್ತದೆ, ಔಷಧದ ಪ್ರಮಾಣದಲ್ಲಿ ತುಸು ತಪ್ಪಿದರೂ ಅಪಾಯ. ತಾಯಿನಾಯಿಯ ಸೊಂಟದ ಎಲುಬಿನ ದಾರಿ ಕಿರಿದು, ಮರಿಯ ತಲೆ ಅದಕ್ಕೆ ದೊಡ್ಡದು; ಸಹಜವಾಗಿ ಮರಿ ಹಾಕಲಾಗದೆ ಸಿಸೇರಿಯನ್ ಬೇಕಾಗುತ್ತದೆ.

ನಾಯಿಯಷ್ಟೇ ಅಲ್ಲ. ಗಿಡ್ಡ ಕಾಲಿನ ಮಂಚ್‌ಕಿನ್ ಬೆಕ್ಕಿಗೆ ಆ ಆಕಾರ ಬರುವುದು ಒಂದು ಜೀನಿನ ದೋಷದಿಂದ. ಅದು ತಂದೆ ತಾಯಿ ಇಬ್ಬರಿಂದಲೂ ಬಂದರೆ ಪಿಂಡ ಗರ್ಭದಲ್ಲೇ ಸಾಯುತ್ತದೆ. ಕುಳ್ಳ ಮೊಲಗಳದು ಇನ್ನೂ ಕಣ್ಣಿಗೆ ಕಾಣುವ ಕಥೆ. ಕುಳ್ಳಗಾಗಿಸುವ ಜೀನ್ ಒಂದು ಪ್ರತಿ ಇದ್ದರೆ ಮುದ್ದಾದ ಮೊಲ. ಎರಡು ಪ್ರತಿ ಬಂದ ಮರಿಗೆ ಮೊಲ ಸಾಕುವವರು 'ಪೀನಟ್' ಎನ್ನುತ್ತಾರೆ. ಕಡಲೆಬೀಜದಷ್ಟಿರುವ ಆ ಮರಿ ಹುಟ್ಟಿ ಕೆಲವೇ ದಿನಕ್ಕೆ ಸಾಯುತ್ತದೆ. ಎರಡು ಕುಳ್ಳ ಮೊಲಗಳನ್ನು ಕೂಡಿಸಿದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿಗೆ ಈ ಗತಿ ಎಂಬುದು ಕೂಡಿಸುವವರಿಗೆ ಮೊದಲೇ ತಿಳಿದಿರುತ್ತದೆ. ಸಾವನ್ನು ಲೆಕ್ಕಕ್ಕೆ ಹಿಡಿದೇ ಸೂಲು ಶುರುವಾಗುತ್ತದೆ.

ಈ ನೋವಿಗೆ ಸಮರ್ಥನೆಯಾಗಿ ಬರುವ ಮಾತುಗಳಲ್ಲಿ ಮೊದಲನೆಯದು ಪ್ರೀತಿ. ಆ ನಾಯಿಗೆ ಮೆತ್ತನೆಯ ಹಾಸಿಗೆಯಿದೆ, ಬೀದಿನಾಯಿಗೆ ಸಿಗದ ಊಟವಿದೆ, ಮುದ್ದಿದೆ. ಭೂಗೋಳಶಾಸ್ತ್ರಜ್ಞ ಯಿ-ಫು ಟುವಾನ್ 1984ರಲ್ಲಿ ಬರೆದ 'ಡಾಮಿನನ್ಸ್ ಅಂಡ್ ಅಫೆಕ್ಷನ್' ಎಂಬ ಪುಸ್ತಕ ಈ ಪ್ರೀತಿಯನ್ನೇ ಪರೀಕ್ಷೆಗೆ ಒಡ್ಡುತ್ತದೆ. ಸಾಕುಪ್ರಾಣಿ ಎಂಬುದು ಪ್ರಾಬಲ್ಯವೂ ಅಕ್ಕರೆಯೂ ಕೂಡಿದಲ್ಲಿ ಹುಟ್ಟುತ್ತದೆ ಎಂಬುದು ಅವರ ವಾದ. ಕುಗ್ಗಿಸಿದ ಮರ, ಕಣ್ಣು ಉಬ್ಬಿಸಿದ ಹೊನ್ನಮೀನು, ಅರಮನೆಯಲ್ಲಿ ಇಟ್ಟುಕೊಂಡ ಕುಳ್ಳ ಮನುಷ್ಯರು ಎಲ್ಲವನ್ನೂ ಅವರು ಒಂದೇ ಸಾಲಿನಲ್ಲಿ ನಿಲ್ಲಿಸುತ್ತಾರೆ. ಅಕ್ಕರೆ ಸುಳ್ಳೆಂದು ಇದರ ಅರ್ಥವಲ್ಲ. ಒಸಡಿಗೆ ಜೇನು ಸವರುವ ಕೈ ನಿಜವಾಗಿ ಅಕ್ಕರೆಯದೇ. ಆದರೆ ಹುಟ್ಟಿಬಂದ ಜೀವವನ್ನು ಪ್ರೀತಿಸುವುದು ಒಂದು ಕೆಲಸ, ಇಂಥ ಜೀವ ಹುಟ್ಟಲಿ ಎಂದು ಏರ್ಪಾಡು ಮಾಡುವುದು ಇನ್ನೊಂದು ಕೆಲಸ. ಮೊದಲನೆಯದರ ಪುಣ್ಯವನ್ನು ಎರಡನೆಯದರ ಸಾಲಕ್ಕೆ ಜಮಾ ಮಾಡಲು ಬರುವುದಿಲ್ಲ.

ಎರಡನೆಯ ಸಮರ್ಥನೆ ಇದಕ್ಕಿಂತ ಗಟ್ಟಿ. ಈ ಜೋಡಿಯನ್ನು ಕೂಡಿಸದಿದ್ದರೆ ಈ ನಾಯಿಯೇ ಇರುತ್ತಿರಲಿಲ್ಲ. ಬೇರೆ ಜೋಡಿಗೆ ಆರೋಗ್ಯವಂತ ಮರಿ ಹುಟ್ಟುತ್ತಿತ್ತು, ಆದರೆ ಅದು ಬೇರೆ ನಾಯಿ. ಹಾಗಿದ್ದ ಮೇಲೆ ಈ ನಾಯಿಗೆ ಯಾರು ಏನು ಅನ್ಯಾಯ ಮಾಡಿದರು? ಇರದಿರುವುದಕ್ಕಿಂತ ಕೆಮ್ಮುತ್ತ ಕುಂಟುತ್ತ ಇರುವುದು ಮೇಲಲ್ಲವೇ? ಇಂಗ್ಲಿಷ್ ತತ್ವಜ್ಞಾನಿ ಡೆರೆಕ್ ಪಾರ್ಫಿಟ್ 1984ರ 'ರೀಸನ್ಸ್ ಅಂಡ್ ಪರ್ಸನ್ಸ್'ನಲ್ಲಿ ಮುಂದೆ ಹುಟ್ಟುವ ಮನುಷ್ಯರ ವಿಷಯದಲ್ಲಿ ಇದೇ ತೊಡಕನ್ನು ಬಿಡಿಸಿಟ್ಟರು. ಅದಕ್ಕೆ ನಾನ್-ಐಡೆಂಟಿಟಿ ಸಮಸ್ಯೆ ಎಂದು ಹೆಸರು. ಹುಟ್ಟುವವರು ಬೇರೆ ಬೇರೆಯವರಾದರೂ ಸಂಖ್ಯೆ ಅಷ್ಟೇ ಇರುವಾಗ, ಹೆಚ್ಚು ಕಷ್ಟದ ಬದುಕು ಬಾಳುವವರನ್ನು ಹುಟ್ಟಿಸುವ ಆಯ್ಕೆಯೇ ಕೆಟ್ಟದ್ದು ಎಂದು ಅವರು ಒಂದು ದಾರಿ ತೋರಿಸಿದರು. ಪ್ರಾಣಿಗಳ ವಿಷಯದಲ್ಲಿ ಅಮೆರಿಕದ ಬರ್ನಾರ್ಡ್ ರೋಲಿನ್ ಇನ್ನೂ ನೇರವಾದ ಅಳತೆಗೋಲು ಕೊಟ್ಟರು: ಪ್ರಾಣಿಯ ಸ್ವಭಾವವನ್ನು, ದೇಹವನ್ನು ಬದಲಿಸುವುದೇ ತಪ್ಪಲ್ಲ, ಆದರೆ ಬದಲಿಸಿದ ಪೀಳಿಗೆ ಅದರ ಹಿಂದಿನ ಪೀಳಿಗೆಗಿಂತ ಹೀನ ಸ್ಥಿತಿಯಲ್ಲಿ ಇರಬಾರದು. ಈ ಅಳತೆಯಲ್ಲಿ ಟೀಕಪ್ ಯಾರ್ಕಿಯನ್ನು ಮೂರು ಕಿಲೋದ ಯಾರ್ಕಿಯ ಪಕ್ಕದಲ್ಲಿ ನಿಲ್ಲಿಸಿದರೆ ಸಾಕು, ಉತ್ತರ ಸಿಗುತ್ತದೆ.

ಈ ತೊಡಕು ಹುಟ್ಟುವುದೇ ಜೀವ ದೇಹದೊಂದಿಗೆ ಶುರುವಾಗುತ್ತದೆ ಎಂದು ನಂಬಿದಾಗ. ಪುನರ್ಜನ್ಮವನ್ನು ಒಪ್ಪುವ ದರ್ಶನಗಳಲ್ಲಿ ಪ್ರಶ್ನೆಯ ಆಕಾರವೇ ಬದಲಾಗುತ್ತದೆ, ಜೈನ ದರ್ಶನದಲ್ಲಂತೂ ಬಹಳ ಸ್ಪಷ್ಟವಾಗಿ. ಅದರ ಪ್ರಕಾರ ಒಂದು ದೇಹ ಬಿಟ್ಟ ಜೀವ ಕೆಲವೇ 'ಸಮಯ'ಗಳಲ್ಲಿ ಇನ್ನೊಂದು ದೇಹದ ಕಡೆಗೆ ಹೋಗಿ ಸೇರುತ್ತದೆ. ಸಮಯ ಎಂದರೆ ಕಾಲದ ಅತ್ಯಂತ ಸಣ್ಣ ಅಂಶ. ಬ್ರೀಡರ್ ಕರೆಯಲಿ ಎಂದು ಯಾವ ಜೀವವೂ ಶೂನ್ಯದಲ್ಲಿ ಕಾದು ನಿಂತಿಲ್ಲ. ಆದ್ದರಿಂದ ಅವನು ಯಾರನ್ನೂ ಇಲ್ಲದಿರುವಿಕೆಯಿಂದ ಎತ್ತಿ ತಂದ ಉಪಕಾರಿಯಲ್ಲ. ಎಲ್ಲೋ ಒಂದು ಕಡೆ ನೆಲೆಯಾಗಲಿದ್ದ ಜೀವಕ್ಕೆ ಅವನು ಸಿದ್ಧಮಾಡಿಟ್ಟದ್ದು ನೆತ್ತಿ ಕೂಡದ ಮನೆ. ಉಮಾಸ್ವಾಮಿಯ ತತ್ವಾರ್ಥಸೂತ್ರ ಜೀವಕ್ಕೆ ದೀಪದ ಹೋಲಿಕೆ ಕೊಡುತ್ತದೆ: ಗಡಿಗೆಯೊಳಗಿಟ್ಟರೆ ಗಡಿಗೆಯಷ್ಟು, ಕೋಣೆಯಲ್ಲಿಟ್ಟರೆ ಕೋಣೆಯಷ್ಟು ಬೆಳಕು. ಆನೆಯ ದೇಹದಲ್ಲೂ ಇರುವೆಯ ದೇಹದಲ್ಲೂ ಜೀವ ಆ ದೇಹವನ್ನು ತುಂಬಿ ನಿಲ್ಲುತ್ತದೆ, ಅದಾಗಿ ಅದು ಕಡಿಮೆಯಾಗುವುದಿಲ್ಲ. ಬಟ್ಟಲಿನಲ್ಲಿ ಕೂತ ನಾಯಿಯ ನೋವೂ ಬಟ್ಟಲಿನ ಅಳತೆಯದಲ್ಲ.

ಆದರೆ ಪುನರ್ಜನ್ಮವನ್ನು ಒಪ್ಪಿದ ಕೂಡಲೇ ಇನ್ನೊಂದು ಬಾಗಿಲಿನಿಂದ ಮೂರನೆಯ ಸಮರ್ಥನೆ ಒಳಬರುತ್ತದೆ, ಭಾರತದಲ್ಲಿ ಇದೇ ಹೆಚ್ಚು ಕೇಳಿಬರುವುದು. ಅದರ ಕರ್ಮ ಅದಕ್ಕೆ ಆ ದೇಹ ಕೊಟ್ಟಿತು, ನಡುವೆ ಮನುಷ್ಯನದೇನು? ಜೈನ ಕರ್ಮಶಾಸ್ತ್ರದಲ್ಲಿ ಇದಕ್ಕೆ ಆಧಾರವೂ ಇದ್ದಂತೆ ಕಾಣುತ್ತದೆ. ದೇಹದ ಆಕಾರವನ್ನು ನಿರ್ಧರಿಸುವ ನಾಮಕರ್ಮದಲ್ಲಿ ಆರು ಸಂಸ್ಥಾನಗಳಿದ್ದು, ಅವುಗಳಲ್ಲೊಂದು ವಾಮನ ಸಂಸ್ಥಾನ, ಅಂದರೆ ಕುಳ್ಳ ಆಕಾರ. ಆದರೂ ಅದೇ ಶಾಸ್ತ್ರ ಈ ಸಮರ್ಥನೆಯನ್ನು ಒಪ್ಪುವುದಿಲ್ಲ. ಸಾಯುವ ಜೀವದ ಆಯುಷ್ಯವೂ ಅದರದೇ ಕರ್ಮ, ಹಾಗೆಂದು ಕೊಂದವನು ಬಿಡುಗಡೆಯಾಗುವುದಿಲ್ಲ. ತತ್ವಾರ್ಥಸೂತ್ರ ಹಿಂಸೆಯನ್ನು ವಿವರಿಸುವುದು ಮಾಡುವವನ ಪ್ರಮಾದದಿಂದ, ಅಂದರೆ ಅವನ ಎಚ್ಚರಗೇಡಿತನ ಮತ್ತು ಆಸೆಯ ವಶದಲ್ಲಿರುವ ಮನಸ್ಸಿನಿಂದ. ನಾಯಿಯ ಲೆಕ್ಕ ನಾಯಿಗೆ, ಕೂಡಿಸಿದವನ ಲೆಕ್ಕ ಅವನಿಗೆ. ಒಂದರ ಖಾತೆಯನ್ನು ತೋರಿಸಿ ಇನ್ನೊಂದನ್ನು ಮುಚ್ಚಲಾಗದು.

ಗೃಹಸ್ಥನ ಅಹಿಂಸಾಣುವ್ರತಕ್ಕೆ ಅದೇ ಸೂತ್ರಗ್ರಂಥ ಐದು ಅತಿಚಾರಗಳನ್ನು, ಅಂದರೆ ವ್ರತ ಕೆಡಿಸುವ ತಪ್ಪುಗಳನ್ನು, ಹೇಳುತ್ತದೆ: ಬಂಧ (ಕಟ್ಟುವುದು), ವಧ (ಹೊಡೆಯುವುದು), ಛೇದ (ಅಂಗ ಕತ್ತರಿಸುವುದು), ಅತಿಭಾರಾರೋಪಣ (ಮಿತಿಮೀರಿ ಹೇರುವುದು), ಅನ್ನಪಾನನಿರೋಧ (ಊಟ ನೀರು ತಡೆಯುವುದು). ಐದೂ ಸಾಕುಪ್ರಾಣಿಗೆ ಮನೆಯವನೇ ಮಾಡಬಹುದಾದ ತಪ್ಪುಗಳು ಎಂಬುದು ಗಮನಿಸಬೇಕಾದ ಸಂಗತಿ. ಕನ್ನಡನಾಡಿನೊಂದಿಗೆ ಹೆಸರು ಬೆಸೆದುಕೊಂಡಿರುವ ಪೂಜ್ಯಪಾದರು ತಮ್ಮ ಸರ್ವಾರ್ಥಸಿದ್ಧಿ ವ್ಯಾಖ್ಯಾನದಲ್ಲಿ ಬಂಧ ಎಂದರೆ ಹಗ್ಗ ಎಂದಷ್ಟೇ ಹೇಳಿ ನಿಲ್ಲಿಸಲಿಲ್ಲ. ಪ್ರಾಣಿ ತಾನು ಬಯಸಿದ ಕಡೆಗೆ ಹೋಗದಂತೆ ತಡೆಯುವುದೇ ಬಂಧ ಎಂದರು. ಒಂದು ಮೆಟ್ಟಿಲನ್ನೂ ಹತ್ತಲಾಗದ, ಇನ್ನೊಂದು ನಾಯಿಯೊಂದಿಗೆ ಹೊರಳಾಡಿ ಆಡಿದರೆ ಕಾಲು ಮುರಿಯುವ ನಾಯಿಗೆ ಅದರ ದೇಹವೇ ಹಗ್ಗ. ಹಳೆಯ ವ್ಯಾಖ್ಯಾನಕಾರರ ಕಣ್ಣಮುಂದೆ ಇದ್ದದ್ದು ಎತ್ತು, ಕುದುರೆ. ಹುಟ್ಟುವ ಮೊದಲೇ ಕಟ್ಟಿಹಾಕುವ ವಿದ್ಯೆಯನ್ನು ಅವರು ಕಂಡಿರಲಿಲ್ಲ. ಆದರೆ ಅವರ ಮಾತು ಇದಕ್ಕೂ ತಾಗುತ್ತದೆ.

ತಳಿ ಮಾಡಿದವರು ಬೇರೆ, ತಾವು ಕೊಂಡುತಂದು ಸಾಕಿದವರಷ್ಟೇ ಎಂದು ಹೇಳುವವರಿಗೂ ಜೈನ ಶಾಸ್ತ್ರದಲ್ಲಿ ಉತ್ತರವಿದೆ. ಕೃತ, ಕಾರಿತ, ಅನುಮತ: ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು. ಮೂರರಲ್ಲೂ ಕರ್ಮ ಹರಿದುಬರುತ್ತದೆ. ಮುಂಗಡ ಕೊಟ್ಟು, ಇನ್ನೂ ಸಣ್ಣದು ಬೇಕು ಎಂದು ಕೇಳಿದವರು ಎರಡನೆಯದಕ್ಕೆ ಸೇರುತ್ತಾರೆ; ಪಟ ನೋಡಿ ಆಹಾ ಎಂದವರು ಮೂರನೆಯದಕ್ಕೆ. ಇದು ಕಠಿಣವಾಗಿ ಕೇಳಿಸಿದರೂ ಸರಿಯಾದ ಮಾತು, ಏಕೆಂದರೆ ಈ ವ್ಯಾಪಾರದಲ್ಲಿ ಬೇಡಿಕೆಯೇ ಬ್ರೀಡರನ ಕೈ ನಡೆಸುತ್ತದೆ.

ವ್ಯಾಪಾರದ ಬಗ್ಗೆಯೇ ಹಳೆಯ ಗ್ರಂಥಗಳು ಎಚ್ಚರಿಸಿವೆ. 12ನೇ ಶತಮಾನದಲ್ಲಿ ಗುಜರಾತಿನ ಜೈನ ಆಚಾರ್ಯ ಹೇಮಚಂದ್ರರು ಯೋಗಶಾಸ್ತ್ರದಲ್ಲಿ ಶ್ರಾವಕರು, ಅಂದರೆ ಜೈನ ಗೃಹಸ್ಥರು, ಬಿಡಬೇಕಾದ ಹದಿನೈದು ಕಸುಬುಗಳನ್ನು ವಿವರಿಸುವಾಗ, ದುಡ್ಡಿಗಾಗಿ ಗಿಳಿ, ಬೆಕ್ಕು, ನಾಯಿ, ಕೋಳಿ, ನವಿಲು ಸಾಕುವುದನ್ನೂ ಅದರಲ್ಲಿ ಸೇರಿಸುತ್ತಾರೆ. ಬೌದ್ಧರ ಅಂಗುತ್ತರ ನಿಕಾಯ ಉಪಾಸಕರಿಗೆ ಸಲ್ಲದ ಐದು ವ್ಯಾಪಾರಗಳಲ್ಲಿ ಜೀವಿಗಳ ವ್ಯಾಪಾರವನ್ನು ಎಣಿಸುತ್ತದೆ. ಅದರ ಪಾಲಿ ವ್ಯಾಖ್ಯಾನವಾದ ಅಟ್ಠಕಥೆ ಇದಕ್ಕೆ ಮನುಷ್ಯರ ಮಾರಾಟ ಎಂದು ಅರ್ಥ ಹೇಳಿದೆ ನಿಜ, ಆದರೆ ಮೂಲದ ಪದ ಎಲ್ಲ ಪ್ರಾಣಿಗಳಿಗೂ ಸಲ್ಲುವಂಥದು. ಕುರಾನಿನ ನಾಲ್ಕನೆಯ ಅಧ್ಯಾಯದಲ್ಲಿ ಜಾನುವಾರುಗಳ ಕಿವಿ ಸೀಳಿಸುವುದೂ ದೇವರ ಸೃಷ್ಟಿಯನ್ನು ಬದಲಿಸುವುದೂ ಸೈತಾನನ ಪ್ರೇರಣೆಯೆಂದು ಬರುತ್ತದೆ.

ಮಹಾಭಾರತದ ಶಾಂತಿಪರ್ವದಲ್ಲಿ ನಾಯಿಯ ದೇಹ ಬದಲಿಸಿದ ಒಂದು ಕಥೆಯಿದೆ. ಕಾಡಿನ ಋಷಿಯೊಬ್ಬನಿಗೆ ಅಂಟಿಕೊಂಡಿದ್ದ ಊರನಾಯಿ ಚಿರತೆಗೆ ಹೆದರಿದಾಗ ಋಷಿ ಅದನ್ನು ಚಿರತೆ ಮಾಡುತ್ತಾನೆ. ಆಮೇಲೆ ಹುಲಿ, ಆನೆ, ಸಿಂಹ, ಕೊನೆಗೆ ಶರಭ. ಅದು ಋಷಿಯನ್ನೇ ಕೊಲ್ಲಲು ಬಯಸಿದಾಗ ಮತ್ತೆ ನಾಯಿಯಾಗುತ್ತದೆ. ಅರಸನು ಸೇವಕರನ್ನು ಅವರವರ ಯೋಗ್ಯತೆಯ ಜಾಗದಲ್ಲಿ ಇಡಬೇಕು ಎಂದು ಹೇಳಲು ಭೀಷ್ಮ ಈ ಕಥೆ ಹೇಳುತ್ತಾನೆ. ಆ ನೀತಿಯನ್ನು ಬದಿಗಿಟ್ಟು ಕಥೆಯನ್ನಷ್ಟೇ ನೋಡಿದರೆ, ಅಲ್ಲಿ ಶರಭವಾಗುವವರೆಗೆ ಪ್ರತಿ ಸಲವೂ ದೇಹ ಬದಲಾದದ್ದು ನಾಯಿಯ ಭಯ ಕಳೆಯಲೆಂದು. ಟೀಕಪ್ ನಾಯಿಯ ದೇಹ ಬದಲಾದದ್ದು ಅದರ ಯಾವ ಭಯಕ್ಕೂ ಅಲ್ಲ, ಯಾವ ಬಯಕೆಗೂ ಅಲ್ಲ.

ಕಾನೂನು ಈ ದಾರಿಯಲ್ಲಿ ನಿಧಾನವಾಗಿ ನಡೆದಿದೆ. 1987ರ ಯುರೋಪಿನ ಸಾಕುಪ್ರಾಣಿ ಒಪ್ಪಂದ, ತಾಯಿಗಾಗಲಿ ಮರಿಗಾಗಲಿ ಹಾನಿ ತರುವ ಗುಣಗಳ ಬಗ್ಗೆ ತಳಿಗಾರ ಎಚ್ಚರ ವಹಿಸಬೇಕೆಂದಿತು. ಜರ್ಮನಿಯ ಪ್ರಾಣಿರಕ್ಷಣಾ ಕಾಯ್ದೆಯ 11ಬಿ ಕಲಮು ಹುಟ್ಟುವ ಮರಿಗೆ ನೋವು ತರುವಂಥ ತಳಿ ಬೆಳೆಸುವುದನ್ನೇ ನಿಷೇಧಿಸುತ್ತದೆ. ಅಂಥದಕ್ಕೆ ಅಲ್ಲಿ ಕ್ವಾಲ್‌ತ್ಸುಖ್ಟ್, ಅಂದರೆ ಯಾತನೆಯ ತಳಿ ಎಂಬ ಪದವೇ ಬಳಕೆಯಲ್ಲಿದೆ. ತಲೆಬುರುಡೆ ಮಿದುಳಿಗೆ ಸಾಲದೆ ನರಳುವ ಕವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯೆಲ್‌ಗಳ ತಳಿ ಬೆಳೆಸುವುದು ಕಾನೂನುಬಾಹಿರ ಎಂಬ ತೀರ್ಪನ್ನು 2023ರಲ್ಲಿ ನಾರ್ವೆಯ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಭಾರತದಲ್ಲಿ ಜೀವಿಗಳ ಮೇಲೆ ಅನುಕಂಪ ತೋರುವುದು ಸಂವಿಧಾನದ 51ಎ(ಜಿ) ವಿಧಿ ಹೇಳುವ ಮೂಲಭೂತ ಕರ್ತವ್ಯ. 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟದ ನಿಯಮಗಳು ಎಂಟು ವಾರ ತುಂಬದ ಮರಿಯನ್ನು ಮಾರಬಾರದೆನ್ನುತ್ತವೆ. ಅತಿ ಎಳೆಯ ಮರಿಯನ್ನು ಟೀಕಪ್ ಎಂದು ದಾಟಿಸುವವರ ವಿಷಯದಲ್ಲಿ ಈ ಒಂದು ನಿಯಮವನ್ನು ಬಿಗಿಯಾಗಿ ಹಿಡಿದರೂ ಎಷ್ಟೋ ಮರಿಗಳು ಉಳಿಯುತ್ತವೆ.

ಈಗಾಗಲೇ ಹುಟ್ಟಿಬಂದವುಗಳ ವಿಷಯ ಬೇರೆ. ಅವಕ್ಕೆ ದಿನಕ್ಕೆ ನಾಲ್ಕೈದು ಸಲ ಸ್ವಲ್ಪಸ್ವಲ್ಪ ಊಟ, ಕುತ್ತಿಗೆಪಟ್ಟಿಯ ಬದಲು ಎದೆಗೆ ಕಟ್ಟುವ ಹಾರ್ನೆಸ್, ಸೋಫಾದ ಪಕ್ಕ ಇಳಿಯಲು ಒಂದು ಪುಟ್ಟ ಮಣೆ, ವರ್ಷಕ್ಕೊಮ್ಮೆ ಹಲ್ಲಿನ ತಪಾಸಣೆ ಬೇಕು. ಅವುಗಳ ಸಂತಾನ ಮುಂದುವರಿಯಬಾರದು ಎಂದರೆ ಒಂದು ತೊಡಕು ಎದುರಾಗುತ್ತದೆ. ಹೇಮಚಂದ್ರರ ಅದೇ ಪಟ್ಟಿಯಲ್ಲಿ, ಪ್ರಾಣಿಗಳ ಬೀಜ ಒಡೆಯುವುದೂ ಬಿಡಬೇಕಾದ ಕಸುಬು. ಅವರು ಹೇಳುತ್ತಿದ್ದದ್ದು ಅದನ್ನೇ ಹೊಟ್ಟೆಪಾಡು ಮಾಡಿಕೊಂಡವರ ಬಗ್ಗೆ. ನೋವಿನ ಸಾಲನ್ನು ನಿಲ್ಲಿಸಲೆಂದು, ಅರಿವಳಿಕೆ ಕೊಟ್ಟು ಮಾಡುವ ಶಸ್ತ್ರಚಿಕಿತ್ಸೆಯನ್ನು ಅದರೊಂದಿಗೆ ಸಮ ಮಾಡಲು ಬರುವುದಿಲ್ಲ ಎಂದು ವಾದಿಸಬಹುದು. ಆದರೆ ಒಂದೂವರೆ ಕಿಲೋದ ದೇಹಕ್ಕೆ ಆ ಅರಿವಳಿಕೆಯೂ ಅಪಾಯವೇ. ಪಶುವೈದ್ಯರು ಬೇಡವೆಂದ ಕಡೆ ಬೆದೆಗೆ ಬಂದ ದಿನಗಳಲ್ಲಿ ಹೆಣ್ಣನ್ನು ಬೇರೆ ಕೋಣೆಯಲ್ಲಿಟ್ಟು ಕಾಯುವುದು ಉಳಿಯುತ್ತದೆ. ವರ್ಷಕ್ಕೆ ಸಾಮಾನ್ಯವಾಗಿ ಎರಡು ಸಲ, ಒಂದೊಂದು ಸಲಕ್ಕೆ ಎರಡು ಮೂರು ವಾರ, ಆ ನಾಯಿ ಬದುಕಿರುವಷ್ಟು ಕಾಲ.